ಟವರು, ಗುಬ್ಬಿ ಮತ್ತು ನಮ್ಮ ಒಂದು ಕಥೆ

ಕುಂದಾಪುರದ ಕನ್ನಡದಲ್ಲಿ 'ಅಂಬ್ರ್' ಎಂಬ ಒಂದು ಮಾತಿದೆ. ಮಳೆ ಬರುತ್ತದೆ ಅಂಬ್ರ್, ಮೀನಿಗೆ ರೇಟು ಬಿದ್ದಿದೆ ಅಂಬ್ರ್, ಆಚೆಮನೆ ಹುಡುಗಿಗೆ ಸಂಬಂಧ ಕೂಡಿ ಬಂದಿದೆ ಅಂಬ್ರ್. ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು - ಈ ಮೂರು ಪ್ರಶ್ನೆಗಳನ್ನೂ ಆ ಪುಟ್ಟ ಪದ ನುಂಗಿ ನೀರು ಕುಡಿಯುತ್ತದೆ. ನಮ್ಮ ಮನೆಯ ದಖನಿ ಉರ್ದುವಿನಲ್ಲಿ ಇದೇ ಅರ್ಥಕ್ಕೆ 'ಕತೇ' ಎನ್ನುತ್ತಾರೆ. ಕನ್ನಡದ ಕತೆಗೂ ಈ ಕತೇಗೂ ಸಂಬಂಧವಿಲ್ಲ. ಆದರೂ ಎರಡೂ ಭಾಷೆಗಳಲ್ಲಿ ಓದಿ ಬೆಳೆದು, ಕಥೆ ಬರೆಯುವುದನ್ನೇ ಕಸುಬು ಮಾಡಿಕೊಂಡ ನಮಗೆ ಇವೆರಡರ ನಡುವಿನ ಗೆರೆ ಒಮ್ಮೆ ಅಳಿಸಿಹೋಗಿತ್ತು. ಅದರಿಂದ ಆದ ನಷ್ಟದ ಲೆಕ್ಕ ಒಪ್ಪಿಸುವುದಕ್ಕೆ ಈ ಬರಹ.

2009ರಲ್ಲಿ ಬೈಂದೂರಿನ ನಮ್ಮ ಅಣ್ಣನ ಮನೆಯ ತಾರಸಿ ಮೇಲೆ ಮೊಬೈಲ್ ಟವರು ಬಂತು. ಅಣ್ಣ ನಮಗಿಂತ ಹನ್ನೆರಡು ವರ್ಷ ಹಿರಿಯರು. ಗಲ್ಫ್‌ನಲ್ಲಿ ಬಹಳ ಕಾಲ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದಿದ್ದರು. ಉಳಿತಾಯವೆಲ್ಲ ಮನೆ ಕಟ್ಟುವುದರಲ್ಲೇ ಮುಗಿದಿತ್ತು. ತಿಂಗಳ ಬಾಡಿಗೆ ಬರುತ್ತದೆಂದಾಗ ಅವರು ಹೆಚ್ಚು ಯೋಚಿಸಲಿಲ್ಲ. ಮಗಳು ಆಗ ಆರನೇ ತರಗತಿ. ಬಾಡಿಗೆ ಅವಳ ಓದಿಗೆ ಎಂದು ಭಾಭಿ ಅಂದೇ ತೀರ್ಮಾನ ಮಾಡಿದ್ದರು.

ಸ್ವಲ್ಪ ಸಮಯಕ್ಕೆ ಕೇರಿಯಲ್ಲಿ ಗುಬ್ಬಿಗಳಿಲ್ಲ ಎಂಬ ಮಾತು ಹುಟ್ಟಿತು. ರಸ್ತೆಯಲ್ಲಿ ಸಿಕ್ಕ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ, "ಸಾಯ್ಬ್ರೆ, ಗುಬ್ಬಿ ಕಾಂಬುಕೇ ಸಿಕ್ಕುದಿಲ್ಲೆ ಅಲ್ದಾ? ಎಲ್ಲ ಟವರಿಂದೇ ಅಂಬ್ರ್" ಎಂದರು. ನಾವು ತಲೆಯಾಡಿಸಿದೆವು. ಪತ್ರಿಕೆಗಳಲ್ಲೂ ಆಗ ಅದೇ ಸುದ್ದಿ. ಮರುವರ್ಷ ಅಣ್ಣನ ಪಕ್ಕದ ಮನೆಯ ಹೆಣ್ಣುಮಗಳೊಬ್ಬರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮೂರು ಚಿಕ್ಕ ಮಕ್ಕಳ ತಾಯಿ. ಮಯ್ಯತ್ತಿನ ಮನೆಯಲ್ಲಿ ಹೆಂಗಸರು ಅಳುತ್ತ ಕಿಟಕಿಯಿಂದ ಟವರಿನ ಕಡೆ ನೋಡುತ್ತಿದ್ದುದನ್ನು ನಾವು ಕಂಡೆವು. ಕಥೆಗಾರನ ಕಣ್ಣು ಪಾಪಿ ಕಣ್ಣು. ಅಂಥದ್ದೊಂದು ನೋಟ ಸಿಕ್ಕರೆ ಬಿಡುವುದಿಲ್ಲ.

2011ರಲ್ಲಿ ನಾವೊಂದು ಕಥೆ ಬರೆದೆವು. ಈ ಪತ್ರಿಕೆಯಲ್ಲೇ ಅದು ಅಚ್ಚಾಯಿತು. ಗಲ್ಫಿನಿಂದ ಬಂದ ಒಬ್ಬ ದುರಾಸೆಯ ಮನುಷ್ಯ ತಾರಸಿಯನ್ನು ಬಾಡಿಗೆಗೆ ಕೊಡುತ್ತಾನೆ. ಮೊದಲು ಗುಬ್ಬಿಗಳು ಸಾಯುತ್ತವೆ, ಆಮೇಲೆ ಪಕ್ಕದ ಮನೆಯ ತಾಯಿ, ಕೊನೆಗೆ ಅವನ ಮಗಳು. ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು. ಆದರೆ ಬೈಂದೂರಿನವರಿಗೆ ಬೈಂದೂರನ್ನು ಗುರುತಿಸಲು ಕಷ್ಟವೇ? ಕಥೆಗೆ ಬಹಳ ಮೆಚ್ಚುಗೆ ಬಂತು. ಅದೇ ಹೊತ್ತಿನಲ್ಲಿ ಅಣ್ಣನಿಗೆ ಜುಮಾ ನಮಾಝಿನ ನಂತರ ಸಲಾಂ ಹೇಳುವವರು ಕಡಿಮೆಯಾದರು. ಯಾರೂ ಜಗಳವಾಡಲಿಲ್ಲ. ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು, ಅಷ್ಟೆ. 2012ರಲ್ಲಿ ಅಣ್ಣ ಒಪ್ಪಂದ ಮುರಿದು ಟವರು ಇಳಿಸಿದರು. ಪಡೆದ ಮುಂಗಡ ವಾಪಸು ಕೊಡಲು ಭಾಭಿಯ ಎರಡು ಬಳೆ ಹೋದವು. ನಮ್ಮ ಕಥೆಯ ಬಗ್ಗೆ ಅಣ್ಣ ಒಂದೇ ಮಾತು ಹೇಳಿದ್ದರು: "ಚೆನ್ನಾಗಿ ಬರೆದಿದ್ದೀಯ. ಕೊನೆ ಮಾತ್ರ ಸ್ವಲ್ಪ ಅವಸರವಾಯಿತು." ಅದನ್ನು ನಾವು ಸಾಹಿತ್ಯ ವಿಮರ್ಶೆ ಎಂದುಕೊಂಡೆವು. ನಮ್ಮ ಬುದ್ಧಿ ಅಷ್ಟೇ ಇತ್ತು.

ಕಥೆಯಲ್ಲಿ ನಾವು ಕೊಂದ ಆ ಮಗಳು ಈಗ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಸರಕಾರಿ ಕಾಲೇಜಿನಲ್ಲಿ ಓದಿ, ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಹೊರರಾಜ್ಯದ ಪ್ರಯೋಗಾಲಯಕ್ಕೆ ಹೋದವಳು. ಮೊನ್ನೆ ಈದಿಗೆ ಬಂದಾಗ ತಾರಸಿ ಮೇಲೆ ಕೂತು ಚಹಾ ಕುಡಿಯುತ್ತ, "ನಿನ್ನ ಕೆಲಸವೆಂತಹದ್ದು ಬೇಟಿ?" ಎಂದು ಕೇಳಿದೆವು. "ಮೈಕ್ರೋವೇವ್ ಹಾಯಿಸಿ ಎಲೆಕ್ಟ್ರಾನುಗಳ ಮನಸ್ಸು ಬದಲಿಸುವುದು, ಚಾಚಾ" ಎಂದಳು. ಹಿಂದೆ ಟವರಿನ ಕಾಲು ನಿಂತಿದ್ದ ಜಾಗದಲ್ಲಿ ಸಿಮೆಂಟಿನ ನಾಲ್ಕು ಕಟ್ಟೆಗಳು ಇನ್ನೂ ಉಳಿದಿವೆ. ಅವುಗಳಲ್ಲೊಂದರ ಮೇಲೆ ಅವಳು ಕೂತಿದ್ದಳು. ನಮಗೆ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತು. "ಹಾಗಾದರೆ ನಮ್ಮ ಕಥೆ ನಿಜವಾಯಿತಲ್ಲ?" ಎಂದು ತಮಾಷೆ ಮಾಡಲು ಹೋದೆವು. ಅವಳು ನಗಲಿಲ್ಲ. "ಕೇಳಿ, ಹೇಳುತ್ತೇನೆ" ಎಂದಳು. ಅವಳು ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಒಂದು ಗುಣವಿದೆ. ಬುಗುರಿಯ ಗಿರಕಿ ಎಂದು ಕಲ್ಪಿಸಿಕೊಳ್ಳಬಹುದು, ನಿಜಕ್ಕೂ ಅದು ಸುತ್ತುತ್ತಿಲ್ಲವಾದರೂ. ಈ ಗುಣದಿಂದಾಗಿ ಪ್ರತಿ ಎಲೆಕ್ಟ್ರಾನೂ ಒಂದು ಅತಿಸಣ್ಣ ಆಯಸ್ಕಾಂತ. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದರ ಸ್ಪಿನ್ ಮೇಲೆ, ಇನ್ನೊಂದರದ್ದು ಕೆಳಗೆ. ಬೆಳಕು ಬಿದ್ದೋ, ಬೇರೆ ಕಾರಣಕ್ಕೋ ಒಂದು ಎಲೆಕ್ಟ್ರಾನು ಪಕ್ಕದ ಅಣುವಿಗೆ ಜಿಗಿದರೆ ಎರಡು ಕಡೆಯೂ ಒಂದೊಂದು ಒಂಟಿ ಎಲೆಕ್ಟ್ರಾನು ಉಳಿಯುತ್ತದೆ. ಹೀಗೆ ಒಂಟಿ ಎಲೆಕ್ಟ್ರಾನು ಇರುವ ಅಣುವಿಗೆ ರ್‍ಯಾಡಿಕಲ್ ಎಂದೂ, ಒಟ್ಟಿಗೆ ಹುಟ್ಟಿದ ಇವೆರಡಕ್ಕೆ ರ್‍ಯಾಡಿಕಲ್ ಜೋಡಿ ಎಂದೂ ಹೆಸರು.

"ತಲಾಕಿನ ನಂತರದ ಇದ್ದತ್ ಇದ್ದ ಹಾಗೆ ಚಾಚಾ" ಎಂದಳು ಹುಡುಗಿ. ಇದ್ದತ್ತಿನ ಅವಧಿಯೊಳಗೆ ಮನಸ್ಸು ಬದಲಾದರೆ ಗಂಡ-ಹೆಂಡತಿ ಮತ್ತೆ ಕೂಡಬಹುದಲ್ಲ, ಹಾಗೆ ಈ ಜೋಡಿಗೂ ಒಂದು ಗಡುವಿದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನ ಆಸುಪಾಸು, ಅಷ್ಟೆ. ಆ ಗಡುವಿನಲ್ಲಿ ಎರಡರ ಸ್ಪಿನ್ ಪರಸ್ಪರ ವಿರುದ್ಧವಾಗಿದ್ದರೆ, ಅಂದರೆ ಸಿಂಗ್ಲೆಟ್ ಸ್ಥಿತಿಯಲ್ಲಿದ್ದರೆ, ಅವು ಮರಳಿ ಕೂಡಬಹುದು. ಟ್ರಿಪ್ಲೆಟ್ ಎಂಬ ಇನ್ನೊಂದು ಸ್ಥಿತಿಗೆ ಜಾರಿದ್ದರೆ ಹಾಗೆ ಕೂಡುವಂತಿಲ್ಲ; ಬೇರೆ ದಾರಿ ಹಿಡಿಯಬೇಕು, ಬೇರೆ ವಸ್ತು ತಯಾರಾಗುತ್ತದೆ. ಪರಮಾಣುಗಳ ನ್ಯೂಕ್ಲಿಯಸ್ಸುಗಳೂ ಸಣ್ಣ ಸಣ್ಣ ಆಯಸ್ಕಾಂತಗಳೇ. ಅವು ಎಳೆದಾಡುವುದರಿಂದ ಜೋಡಿ ಸಿಂಗ್ಲೆಟ್-ಟ್ರಿಪ್ಲೆಟ್‌ಗಳ ನಡುವೆ ಉಯ್ಯಾಲೆಯಾಡುತ್ತಿರುತ್ತದೆ.

ಇಲ್ಲಿ ಮೈಕ್ರೋವೇವ್ ಏನು ಮಾಡುತ್ತದೆ? ಟ್ರಿಪ್ಲೆಟ್‌ಗೆ ಮೂರು ಕೋಣೆಗಳಿವೆ ಎಂದುಕೊಳ್ಳಿ. ಜೋಡಿಯನ್ನು ಬಲವಾದ ಆಯಸ್ಕಾಂತದ ನಡುವೆ ಇಟ್ಟರೆ ಮೂರರಲ್ಲಿ ಎರಡು ಕೋಣೆಗಳಿಗೆ ಬೀಗ ಬೀಳುತ್ತದೆ. ಉಯ್ಯಾಲೆ ಒಂದೇ ಕೋಣೆಗೆ ಹೋಗಿ ಬಂದು ಮಾಡುತ್ತದೆ. ಆಗ ಸರಿಯಾದ ಶ್ರುತಿಯ ಮೈಕ್ರೋವೇವ್ ಹಾಯಿಸಿದರೆ ಅದು ಕೀಲಿಕೈಯಂತೆ ಕೆಲಸ ಮಾಡಿ ಉಳಿದೆರಡು ಬಾಗಿಲುಗಳನ್ನೂ ತೆರೆಯುತ್ತದೆ. ಅಲ್ಲಿಗೆ ಹೋದ ಜೋಡಿಗಳು ಬೇಗ ಹಿಂದೆ ಬರುವುದಿಲ್ಲ. ಮರಳಿ ಕೂಡುವ ಜೋಡಿಗಳ ಲೆಕ್ಕ ಬದಲಾಗುತ್ತದೆ, ತಯಾರಾಗುವ ವಸ್ತುವಿನ ಪ್ರಮಾಣವೂ ಬದಲಾಗುತ್ತದೆ. ಆದರೆ ಶ್ರುತಿ ಕೂಡಲೇಬೇಕು. ಸೆಕೆಂಡಿಗೆ 940 ಕೋಟಿ ಸಲ ಕಂಪಿಸುವ ಮೈಕ್ರೋವೇವ್ ಬಳಸುವುದಾದರೆ ಆಯಸ್ಕಾಂತದ ಬಲ ಸುಮಾರು 0.335 ಟೆಸ್ಲಾ ಇರಬೇಕು. ಅದು ನಮ್ಮ ಕರಾವಳಿಯಲ್ಲಿರುವ ಭೂಮಿಯ ಕಾಂತಬಲದ ಎಂಟು ಸಾವಿರ ಪಟ್ಟಿಗೂ ಹೆಚ್ಚು.

ಎಲೆಕ್ಟ್ರಾನು ಹೀಗೆ ಶ್ರುತಿಗೆ ಓಗೊಡುತ್ತದೆ ಎಂಬುದನ್ನು 1944ರಲ್ಲಿ ಕಂಡುಹಿಡಿದವರು ಯೆವ್ಗೆನಿ ಝವೊಯ್ಸ್ಕಿ. ಊರು ಕಝಾನ್. ತಾತಾರ್ ಮುಸ್ಲಿಮರ ಪ್ರಾಚೀನ ನಗರ, ಈಗ ರಷ್ಯದ ತಾತಾರ್‌ಸ್ತಾನದ ರಾಜಧಾನಿ. ಮೈಕ್ರೋವೇವಿನಿಂದ ಇಂಥ ಜೋಡಿಗಳ ಫಲಿತಾಂಶವೇ ಬದಲಾಗುವುದನ್ನು ಸೋವಿಯತ್ ವಿಜ್ಞಾನಿ ಫ್ರಾಂಕೆವಿಚ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಈ ಶಾಸ್ತ್ರದ ತಳಪಾಯ ಹಾಕಿದವರಲ್ಲಿ ಕೆವ್ ಸಾಲಿಖೋವ್ ಒಬ್ಬರು. ಕಝಾನಿನಲ್ಲಿ ಝವೊಯ್ಸ್ಕಿ ಹೆಸರಿನ ಸಂಸ್ಥೆಯನ್ನು ಮುನ್ನಡೆಸಿದವರು. ಸಾಲಿಖೋವ್ ಎಂಬ ಹೆಸರಿನೊಳಗೆ ನಮ್ಮ ಸಾಲಿಹ್ ಇರುವುದನ್ನು ಹುಡುಗಿಯೇ ತೋರಿಸಿಕೊಟ್ಟಳು.

"ಹಾಗಾದರೆ ಟವರು?" ಎಂದೆವು. ಅವಳು ಫೋನಿನಲ್ಲೇ ಲೆಕ್ಕ ಹಾಕಿದಳು. ನಮ್ಮ ಕರಾವಳಿಯಲ್ಲಿ ಭೂಮಿಯ ಕಾಂತಬಲ ಸುಮಾರು 40 ಮೈಕ್ರೋಟೆಸ್ಲಾ. ಈ ಬಲದಲ್ಲಿ ಒಂಟಿ ಎಲೆಕ್ಟ್ರಾನಿನ ಶ್ರುತಿ ಸೆಕೆಂಡಿಗೆ ಸುಮಾರು 11 ಲಕ್ಷ ಕಂಪನ. ಅಣ್ಣನ ತಾರಸಿಯಲ್ಲಿದ್ದ ಕಾಲದ ಟವರುಗಳ ತರಂಗ 90 ಕೋಟಿ, ಇಲ್ಲವೇ 180 ಕೋಟಿ. 90 ಕೋಟಿಗೆ ಶ್ರುತಿ ಕೂಡಬೇಕಾದರೆ ಬೈಂದೂರಿನಲ್ಲಿ ಭೂಮಿಯ ಕಾಂತಬಲ ಈಗಿರುವುದಕ್ಕಿಂತ 800 ಪಟ್ಟು ಇರಬೇಕಿತ್ತು. "ಬೀಗ ಎಲ್ಲೋ, ಕೀಲಿಕೈ ಎಲ್ಲೋ, ಚಾಚಾ."

ಆಗ ನಮ್ಮ ತಲೆಯೊಳಗೆ ಏನೋ ಟಕ್ಕೆಂದಿತು. 11 ಲಕ್ಷ ಎಂದರೆ 1100 ಕಿಲೋಹರ್ಟ್ಸ್. ಆ ಸಂಖ್ಯೆಯ ನೆರೆಮನೆ ನಮಗೆ ಬಾಲ್ಯದಿಂದ ಗೊತ್ತು. 1089! ಮಂಗಳೂರು ಆಕಾಶವಾಣಿ. ಅದು ಶುರುವಾದದ್ದೂ ಅದೇ 1976ರ ಡಿಸೆಂಬರಿನಲ್ಲಿ. ಅದರ ಮಧ್ಯಮ ತರಂಗದ ಪ್ರಸಾರ ಗೋಪುರ ಇದ್ದದ್ದು ಬ್ರಹ್ಮಾವರದಲ್ಲಿ. ನಮಗೆ ಐದಾರು ವರ್ಷವಿದ್ದಾಗ ಅಣ್ಣ ಸಂಜೆ ಟ್ರಾನ್ಸಿಸ್ಟರನ್ನು ಜಗಲಿಯ ಮೇಲಿಟ್ಟು ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಪೆಟ್ಟಿಗೆಯನ್ನು ಒಂದು ಕಡೆ ತಿರುಗಿಸಿದರೆ ಸ್ವರ ಕ್ಷೀಣ, ಇನ್ನೊಂದು ಕಡೆ ತಿರುಗಿಸಿದರೆ ಸ್ಪಷ್ಟ. "ನೋಡು, ಬ್ರಹ್ಮಾವರ ಎಲ್ಲಿದೆ ಅಂತ ಇದಕ್ಕೆ ಗೊತ್ತು" ಎನ್ನುತ್ತಿದ್ದರು. ದಿಕ್ಕು ತಿಳಿಯುವ ಪೆಟ್ಟಿಗೆ! ರೇಡಿಯೋ ಬಗ್ಗೆ ನಮಗೆ ಮೊದಲ ಪಾಠ ಹೇಳಿದವರು ಅಣ್ಣನೇ.

ಇದನ್ನು ಕೇಳಿ ಹುಡುಗಿಯ ಕಣ್ಣು ಅರಳಿತು. ಏಕೆಂದರೆ ಹಕ್ಕಿಗಳ ವಿಷಯದಲ್ಲಿ ವಿಜ್ಞಾನಿಗಳು ಕಂಡದ್ದು ಈ ರೇಡಿಯೋ ತರಂಗಗಳ ಆಸುಪಾಸಿನಲ್ಲೇ. ಪಂಚಗಂಗಾವಳಿಯ ಅಳಿವೆಗೆ, ಕೋಡಿಯ ಮರಳಿಗೆ ಪ್ರತಿ ಚಳಿಗಾಲ ದೂರದ ಉತ್ತರದಿಂದ ಕಡಲಹಕ್ಕಿಗಳು ಬರುತ್ತವಲ್ಲ, ಅಂಥ ವಲಸೆ ಹಕ್ಕಿಗಳಿಗೆ ದಾರಿ ತೋರಿಸುವವುಗಳಲ್ಲಿ ಭೂಮಿಯ ಕಾಂತಬಲವೂ ಒಂದು. ಆ ದಿಕ್ಸೂಚಿ ರ್‍ಯಾಡಿಕಲ್ ಜೋಡಿಯಿಂದ ಆಗಿರಬಹುದು ಎಂದು ಕ್ಲೌಸ್ ಶುಲ್ಟನ್ ಮತ್ತು ಸಂಗಡಿಗರು 1978ರಲ್ಲೇ ಊಹಿಸಿದ್ದರು. ಹಕ್ಕಿಯ ಕಣ್ಣಿನ ಪರದೆಯಲ್ಲಿ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿದೆ. ನೀಲಿ ಬೆಳಕು ಬಿದ್ದಾಗ ಅದರಲ್ಲಿ ಇಂಥ ಜೋಡಿ ಹುಟ್ಟುತ್ತದೆ. ಹಕ್ಕಿ ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದರ ಮೇಲೆ ಜೋಡಿಯ ಫಲಿತಾಂಶ ಹೆಚ್ಚುಕಡಿಮೆಯಾಗುತ್ತದೆ ಎನ್ನುವುದು ವಾದ. ಯುರೋಪಿನ ರಾಬಿನ್ ಹಕ್ಕಿಯ ಕ್ರಿಪ್ಟೋಕ್ರೋಮ್-4 ಕಾಂತಬಲಕ್ಕೆ ಓಗೊಡುವುದನ್ನು 2021ರಲ್ಲಿ ಜರ್ಮನಿ ಮತ್ತು ಆಕ್ಸ್‌ಫರ್ಡ್‌ನ ತಂಡ ಪರೀಕ್ಷಾನಳಿಕೆಯಲ್ಲಿ ತೋರಿಸಿತು.

ಇದಕ್ಕಿಂತ ಮುಂಚೆ, 2005ರಲ್ಲಿ, ಫ್ರಾಂಕ್‌ಫರ್ಟ್‌ನ ವಿಲ್ಚ್‌ಕೊ ದಂಪತಿ ಮತ್ತು ಜೊತೆಗಾರರು ಅಲ್ಲಿನ ಭೂಕಾಂತಕ್ಕೆ ಸರಿಯಾಗಿ ಶ್ರುತಿ ಕೂಡುವ 1315 ಕಿಲೋಹರ್ಟ್ಸ್ ತರಂಗವನ್ನು ರಾಬಿನ್‌ಗಳ ಮೇಲೆ ಹಾಯಿಸಿದಾಗ ಅವುಗಳಿಗೆ ದಿಕ್ಕು ತಪ್ಪಿತು. ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿಟ್ಟ ಹಕ್ಕಿಗಳಿಗೆ ದಿಕ್ಕೇ ಸಿಗುತ್ತಿರಲಿಲ್ಲ. ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ನೆಲಕ್ಕೆ ತಂತಿ ಜೋಡಿಸಿದಾಗ ದಿಕ್ಕು ಮರಳಿತು. ತಂತಿ ಬಿಚ್ಚಿದರೆ ಮತ್ತೆ ಗೊಂದಲ. ಕಾರಣ 50ರಿಂದ 5000 ಕಿಲೋಹರ್ಟ್ಸ್ ನಡುವಿನ ಗದ್ದಲ. ಮನುಷ್ಯರ ವಿದ್ಯುತ್ ಸಾಧನಗಳೂ ರೇಡಿಯೋ ಪ್ರಸಾರವೂ ಎಬ್ಬಿಸುವಂಥದ್ದು. 2014ರಲ್ಲಿ ಅದು ಪ್ರಕಟವಾಯಿತು. ಅದೇ ಊರಿನವರು 2022 ಮತ್ತು 2023ರಲ್ಲಿ ಇನ್ನೂ ಮೇಲಿನ ತರಂಗಗಳನ್ನು ಪರೀಕ್ಷಿಸಿದರು. 75-85 ಮೆಗಾಹರ್ಟ್ಸ್‌ನಲ್ಲಿ ಹಕ್ಕಿಗಳಿಗೆ ದಿಕ್ಕು ತಪ್ಪಿತು. 140-150ರಲ್ಲಿ ತಪ್ಪಲಿಲ್ಲ, 235-245ರಲ್ಲೂ ತಪ್ಪಲಿಲ್ಲ. ಮೊಬೈಲ್ ತರಂಗಗಳು ಅದಕ್ಕಿಂತ ಎಷ್ಟೋ ಮೇಲೆ.

ಎಂದರೆ ನಾವು ಹಾಡು ಕೇಳಿ ಬೆಳೆದ ತರಂಗವೇ ಹಕ್ಕಿಯ ಕಣ್ಣಿನ ಶ್ರುತಿಗೆ ಹತ್ತಿರ. ನಾವು ಶಾಪ ಹಾಕಿದ ತರಂಗ ದೂರ. ಬ್ರಹ್ಮಾವರದ ಗೋಪುರದ ಮೇಲೆ ನಾವು ಒಂದೂ ಕಥೆ ಬರೆಯಲಿಲ್ಲ. ಬರೆಯಬೇಕಿತ್ತು ಎಂದಲ್ಲ, ಅದು ಯಾವ ಹಕ್ಕಿಯನ್ನೂ ಕೊಂದ ಪುರಾವೆಯಿಲ್ಲ. ಪ್ರೀತಿ ಇದ್ದಲ್ಲಿ ಪ್ರಶ್ನೆ ಕೇಳಲಿಲ್ಲ, ಭಯ ಇದ್ದಲ್ಲೂ ಪ್ರಶ್ನೆ ಕೇಳಲಿಲ್ಲ ಎಂದಷ್ಟೆ.

ಟವರುಗಳೆಲ್ಲ ಸಾಚಾ ಎಂದು ಪ್ರಮಾಣಪತ್ರ ಕೊಡುವುದು ನಮ್ಮ ಉದ್ದೇಶವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಈ ತರಂಗಗಳನ್ನು 'ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇದೆ' ಎಂಬ ಪಟ್ಟಿಗೆ ಸೇರಿಸಿತು. ಪುರಾವೆ ಸೀಮಿತ, ಆದರೂ ತಳ್ಳಿಹಾಕುವಂತಿಲ್ಲ ಎನ್ನುವವುಗಳ ಪಟ್ಟಿ ಅದು. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಪರಾಮರ್ಶೆಗೆ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಸಿಗಲಿಲ್ಲ. ಗುಬ್ಬಿಗಳ ಕಥೆಯೂ ಬೇರೆಯೇ. 2020ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಸ್ಥಿರವಾಗಿದೆ. ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮಾತ್ರ ಕುಸಿದಿದೆ. ನಮ್ಮ ಕೇರಿಯ ಗುಬ್ಬಿ ಕಾಣೆಯಾದದ್ದನ್ನು ಯೋಚಿಸಿದರೆ ಟವರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹೆಂಚಿನ ಮಾಡುಗಳು ಹೋಗಿ ತಾರಸಿ ಬಂದದ್ದು. ಹೆಂಚಿನ ಸಂದಿಯಿಲ್ಲದೆ ಗುಬ್ಬಿ ಎಲ್ಲಿ ಗೂಡು ಕಟ್ಟಬೇಕು? ಅಂಗಡಿಯ ಮುಂದೆ ಗೋಣಿಯಿಂದ ಅಕ್ಕಿ ಸೋರುವ ಕಾಲವೂ ಹೋಯಿತು. ಹಾಗೆ ನೋಡಿದರೆ ತಪ್ಪು ನಮ್ಮ ಮನೆಯದ್ದೂ ಆಗುತ್ತದೆ. ನಾವೂ ಮಾಡು ಕೆಡವಿ ತಾರಸಿ ಹಾಕಿಸಿದವರೇ.

ಸಾಲಿಂ ಅಲಿಯವರ ಬಾಲ್ಯದ ಘಟನೆ ಹಲವರಿಗೆ ಗೊತ್ತಿರಬಹುದು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತು ಹಳದಿಯಾಗಿತ್ತು. ಅದು ಯಾವ ಹಕ್ಕಿಯೆಂದು ಕೇಳಿಕೊಂಡು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿಂದ ಅವರ ಬದುಕಿನ ದಾರಿಯೇ ತಿರುಗಿತು. ಅವರು ಕೇಳಲು ಹೋದರು, ನಾವು ಹೋಗಲಿಲ್ಲ. ಗುಬ್ಬಿಯ ಹೆಸರಿನಲ್ಲಿ ಮನುಷ್ಯನೊಬ್ಬನಿಗೆ ಗುರಿಯಿಟ್ಟು, ಬಿದ್ದದ್ದು ಯಾರೆಂದು ಹದಿನಾಲ್ಕು ವರ್ಷ ನೋಡಲಿಲ್ಲ.

ಕುರ್‌ಆನಿನಲ್ಲಿ ಹುದ್‌ಹುದ್ ಹಕ್ಕಿಯ ಪ್ರಸಂಗ ಬರುತ್ತದೆ. ಅದು ಸಬಾ ನಾಡಿನಿಂದ ಹಾರಿ ಬಂದು ಅಲ್ಲಿನ ರಾಣಿಯ ಸುದ್ದಿಯನ್ನು ಪ್ರವಾದಿ ಸುಲೈಮಾನರಿಗೆ ತಿಳಿಸುತ್ತದೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಇದನ್ನು ಕೇಳುವಾಗ ಮಾತಾಡುವ ಹಕ್ಕಿಯೇ ನಮಗೆ ದೊಡ್ಡ ಸೋಜಿಗ. ಈಗ ಓದಿದರೆ ಸುಲೈಮಾನರ ನಡೆಯೇ ದೊಡ್ಡದಾಗಿ ಕಾಣುತ್ತದೆ. ಅಷ್ಟು ದೊಡ್ಡ ಸುದ್ದಿ ತಂದ ಹಕ್ಕಿಯನ್ನೂ ಅವರು ಕೂಡಲೇ ನಂಬಲಿಲ್ಲ. ನೀನು ಹೇಳಿದ್ದು ಸತ್ಯವೋ ಸುಳ್ಳೋ ನೋಡೋಣವೆಂದು ಪತ್ರ ಕೊಟ್ಟು ಕಳಿಸಿದರು. ತಿಳಿಯದೆ ಯಾರಿಗಾದರೂ ಕೇಡು ಮಾಡಿ ಆಮೇಲೆ ಪರಿತಪಿಸುವಂತಾಗದಿರಲಿ, ಸುದ್ದಿ ಬಂದರೆ ಮೊದಲು ವಿಚಾರಿಸಿ ಎಂಬ ಆದೇಶವೂ ಅದೇ ಗ್ರಂಥದಲ್ಲಿದೆ. ನಾವದನ್ನು ಎಷ್ಟು ಭಾಷಣಗಳಲ್ಲಿ ಉದ್ಧರಿಸಿಲ್ಲ! ನಮ್ಮ ಸಮುದಾಯದ ಬಗ್ಗೆ ಯಾರಾದರೂ 'ಅಂಬ್ರ್' ಎಂದಾಗ ನಮಗೆಷ್ಟು ನೋವಾಗುತ್ತದೆ, ಪುರಾವೆ ಎಲ್ಲಿ ಎಂದು ಎಷ್ಟು ಗಟ್ಟಿಯಾಗಿ ಕೇಳುತ್ತೇವೆ. ಸ್ವಂತ ಅಣ್ಣನ ವಿಷಯದಲ್ಲಿ ಆ ಪ್ರಶ್ನೆ ನಮ್ಮ ಬಾಯಿಗೆ ಬರಲಿಲ್ಲ.

ಆ ರಾತ್ರಿ ನಾವು ಅಣ್ಣನ ಪಕ್ಕದಲ್ಲಿ ಕೂತು ಹೇಳಬೇಕಾದದ್ದನ್ನು ಹೇಳಿದೆವು. ತಪ್ಪಾಯಿತು ಎಂಬ ಮಾತು ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಿತು. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹೆಂಗಸು ತೀರಿಕೊಂಡಾಗ ನನಗೂ ಅನುಮಾನ ಬಂದಿತ್ತು. ನಾಲ್ಕು ತಿಂಗಳು ನಿದ್ದೆ ಬರಲಿಲ್ಲ. ನಿನ್ನ ಕಥೆ ಓದಿದ ಮೇಲೆ ಅನುಮಾನವೂ ಉಳಿಯಲಿಲ್ಲ, ನಾನೇ ಕೊಂದೆ ಅನ್ನಿಸಿತು. ಟವರು ಇಳಿಸಿದ್ದು ಜನರಿಗೆ ಹೆದರಿ ಅಲ್ಲ" ಎಂದರು.

ಜನ ಅವರನ್ನು ದೂರ ಮಾಡಿದ್ದನ್ನಷ್ಟೇ ನಾವು ನಷ್ಟವೆಂದು ಬರೆದುಕೊಂಡಿದ್ದೆವು. ಈ ಲೆಕ್ಕ ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ.

ಹೊರಡುವಾಗ, ಇದನ್ನೆಲ್ಲ ಬರೆಯಲು ಅನುಮತಿ ಕೇಳಿದೆವು. "ಬರಿ. ಅದೇ ಪತ್ರಿಕೆಗೆ ಕಳಿಸು. ಆ ಕಥೆ ಓದಿದವರು ಇನ್ನೂ ಇದ್ದಾರೆ" ಎಂದರು ಅಣ್ಣ. ಬಾಗಿಲವರೆಗೆ ಬಂದವರು ಮತ್ತೆ ಕರೆದರು: "ಬರೆದದ್ದನ್ನು ಮೊದಲು ಮಗಳಿಗೆ ತೋರಿಸು. ಲೆಕ್ಕ ಸರಿಯಿದೆಯಾ ಅಂತ ಅವಳು ನೋಡಲಿ."

ತೋರಿಸಿದ್ದೇವೆ. ಅವಳು ಎರಡು ಕಡೆ ತಿದ್ದಿದ್ದಾಳೆ.